ಜಾಲತಾಣದ ನೀರುಗಂಟಿ: ಐದನೇ ತಿಂಗಳ ಟಿಪ್ಪಣಿ

ಮಂಡ್ಯದ ಪಕ್ಕದ ನಮ್ಮೂರ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೊಂದು ಜಾಲತಾಣವಿದೆ. ಕಟ್ಟಿದವನು ಗೆಳೆಯ, ಬೀಗದ ಕೈ ನನಗೆ ಬಂದು ಐದು ತಿಂಗಳಾಯಿತು. ಬೀಗದ ಕೈ ಎಂದದ್ದು ಉತ್ಪ್ರೇಕ್ಷೆ. ಡೊಮೇನ್, ಅಂದರೆ ತಾಣದ ವಿಳಾಸ, ಇದ್ದದ್ದು ಅವನ ಸ್ವಂತ ಇಮೇಲ್‌ನಲ್ಲಿ, ಒಟಿಪಿ ಹೋಗುತ್ತಿದ್ದದ್ದು ಅವನು ಎಂದೋ ಬಿಟ್ಟ ಮೊಬೈಲ್ ಸಂಖ್ಯೆಗೆ. ನವೀಕರಣಕ್ಕೆ ಹದಿನೆಂಟು ದಿನ ಉಳಿದಿದ್ದಾಗ ಇದು ಬಯಲಾಯಿತು. ಭಾನುವಾರ ಅವನನ್ನು ಮೈಸೂರಿನಿಂದ ಕರೆಸಿ, ಎರಡು ಲೋಟ ಕಾಫಿ ಕುಡಿಸಿ, ಎಲ್ಲವನ್ನೂ ಸಂಘದ ಹೆಸರಿಗೆ ಬದಲಾಯಿಸಿದೆವು. ಗುಪ್ತಪದಗಳನ್ನು ಬರೆದ ಲಕೋಟೆ ಈಗ ಶಾಲೆಯ ಬೀರುವಿನಲ್ಲಿದೆ.

ಈ ತಿಂಗಳು ಹೆಚ್ಚು ಹೊತ್ತು ನುಂಗಿದ್ದು ಹಳೆಯ ವಾರ್ಷಿಕ ಸಂಚಿಕೆಗಳು. ಹದಿನಾಲ್ಕೂ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚಾದವು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಎಲ್ಲ ಮೊಬೈಲುಗಳೂ ಓದಬಲ್ಲ ಯೂನಿಕೋಡ್ ಸಂಕೇತಕ್ಕೆ ತರಲು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಮೊದಲ ಪುಟದಲ್ಲೇ ಸಂಘದ ಕಾರ್ಯದರ್ಶಿಯವರು ‘ಕಾಯರ್ದಶಿರ್’ ಆಗಿ ಹೊರಬಂದರು. ವರ್ಷ ‘ವಷರ್’, ಧರ್ಮ ‘ಧಮರ್’. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ, ಕೂತಿರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಕೇಳುತ್ತದೆ: ಮೊದಲು ರಕಾರ, ಆಮೇಲೆ ಮುಂದಿನದು. ಅದನ್ನು ಹಿಂದಕ್ಕೆ ಎಳೆದು ಕೂರಿಸುವ ನಿಯಮ ಸೇರಿಸಿದ ಮೇಲೆ ಕಾರ್ಯದರ್ಶಿಯವರು ಮರಳಿ ಮನುಷ್ಯರಾದರು.

ಹುಡುಕಾಟದ ತೊಂದರೆ ಇನ್ನೂ ಸೂಕ್ಷ್ಮ. ‘ಕೆಆರ್‌ಎಸ್’ ಎಂದು ಹುಡುಕಿದರೆ ಅರ್ಧ ಲೇಖನಗಳಷ್ಟೇ ಸಿಗುತ್ತಿದ್ದವು. ಕೆಲವರು ನಡುವೆ ಅಗಲವಿಲ್ಲದ ಅದೃಶ್ಯ ಚಿಹ್ನೆಯೊಂದನ್ನು ಒತ್ತಿರುತ್ತಾರೆ, ಕೆಲವರು ಒತ್ತಿರುವುದಿಲ್ಲ. ಈ ಪದದಲ್ಲಿ ನೋಡುವುದಕ್ಕೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹಾಗೆಂದು ಬರಹದಿಂದಲೇ ಅದನ್ನು ಕಿತ್ತುಹಾಕುವಂತಿಲ್ಲ. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ. ಬರಹವನ್ನು ಹಾಗೆಯೇ ಬಿಟ್ಟು, ಹುಡುಕುವಾಗ ಮಾತ್ರ ಆ ಚಿಹ್ನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿದೆ.

ಕೆಆರ್‌ಎಸ್ ಎಂದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಮುಖಪುಟದಲ್ಲಿ ಪ್ರತಿದಿನ ಅಣೆಕಟ್ಟೆಯ ಮಟ್ಟ ಹಾಕುತ್ತೇನೆ. ಗರಿಷ್ಠ 124.80 ಅಡಿ. ನಮ್ಮ ಕಡೆ ಭತ್ತದ ಸಸಿಗೆ ಒಟ್ಟಲು ಬಿಡುವವರು ಆ ಅಂಕಿ ನೋಡದೆ ಬೀಜ ನೆನೆಹಾಕುವುದಿಲ್ಲ. ಒಂದು ಬೆಳಿಗ್ಗೆ 121.40ರ ಬದಲು 112.40 ಎಂದು ಒತ್ತಿ ಕೆಲಸಕ್ಕೆ ಹೋದೆ. ಹತ್ತು ಗಂಟೆಯೊಳಗೆ ಏಳು ಕರೆ. “ಯಾಕಪ್ಪ, ಬೆಳಗಾಗುವುದರೊಳಗೆ ಒಂಬತ್ತು ಅಡಿ ನೀರನ್ನು ಯಾರು ಕುಡಿದರು?” ಎಂದರು ಒಬ್ಬ ಹಿರಿಯರು. ನಮ್ಮ ತಾತ ಊರ ನೀರುಗಂಟಿ, ಅಂದರೆ ಗದ್ದೆಗಳಿಗೆ ನೀರು ಹಂಚುವವರು, ಆಗಿದ್ದವರು. ಗದ್ದೆಗೆ ನೀರು ಸರಿಯಾಗಿ ಹೋದ ದಿನ ಅವರನ್ನು ಯಾರೂ ನೆನೆಯುತ್ತಿರಲಿಲ್ಲವಂತೆ. ಈಗ ಹಿಂದಿನ ದಿನಕ್ಕಿಂತ ಎರಡು ಅಡಿ ವ್ಯತ್ಯಾಸವಿದ್ದರೆ ತಾಣವೇ “ನಿಜವೇ?” ಎಂದು ಕೇಳುತ್ತದೆ. ಪೂರ್ತಿ ತಡೆಯುವುದಿಲ್ಲ, ಕೊಡಗಿನಲ್ಲಿ ಮಳೆ ಹಿಡಿದರೆ ಮಟ್ಟ ನಿಜವಾಗಿಯೂ ಹಾಗೆ ಏರುವುದುಂಟು.

ಸಣ್ಣಪುಟ್ಟವು: ಸುರಕ್ಷತಾ ಪ್ರಮಾಣಪತ್ರ ಉಚಿತದ್ದು, ಅವಧಿ ಮುಗಿಯುವ ಮೊದಲು ತಾನೇ ನವೀಕರಣವಾಗಬೇಕು, ಆಗಿರಲಿಲ್ಲ, ಸರಿಪಡಿಸಿದೆ. ಐದು ಎಂಬಿಯ ಆಲೆಮನೆ ಚಿತ್ರಗಳನ್ನು ಇನ್ನೂರು ಕೆಬಿಗೆ ಇಳಿಸಿದೆ.

ಸದಸ್ಯರೆಲ್ಲರ ದೂರವಾಣಿ ಸಂಖ್ಯೆಗಳಿದ್ದ ಪುಟವನ್ನು ತೆಗೆದದ್ದಕ್ಕೆ ಅಧ್ಯಕ್ಷರು ಮುನಿದರು. 2023ರ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ ಮಾತೆತ್ತಿದೆ, ಕಿವಿಗೆ ಹಾಕಿಕೊಳ್ಳಲಿಲ್ಲ. “ದಿನಕ್ಕೆ ಎಷ್ಟು ಸಾಲದ ಕರೆ ಬರುತ್ತವೆ, ಸರ್?” ಎಂದೆ. “ಆರು” ಎಂದು ಸುಮ್ಮನಾದರು. ಒಪ್ಪಿಗೆ ಪತ್ರ ಕೊಟ್ಟವರ ಸಂಖ್ಯೆಯನ್ನಷ್ಟೇ, ಅದೂ ಸದಸ್ಯರಿಗೆ ಮಾತ್ರ ಕಾಣುವಂತೆ, ಮತ್ತೆ ಹಾಕುತ್ತೇನೆ.

ಬ್ಯಾಕಪ್ ಇದೆ ಎಂದು ನಂಬಿದ್ದ ಕಡತವನ್ನು ಮೊನ್ನೆ ಬಿಡಿಸಿ ನೋಡಿದೆ. ಚಿತ್ರಗಳೆಲ್ಲ ಇದ್ದವು, ಬರಹ ಒಂದೂ ಇರಲಿಲ್ಲ. ಆ ರಾತ್ರಿಯೇ ಎರಡು ಪ್ರತಿ ತೆಗೆದೆ. ಒಂದು ನನ್ನ ಮನೆಯಲ್ಲಿದೆ, ಇನ್ನೊಂದು ಲಕೋಟೆಯ ಪಕ್ಕದಲ್ಲಿ. ಬೇರೊಂದು ಕಂಪ್ಯೂಟರಿನಲ್ಲಿ ಅದರಿಂದ ತಾಣ ಮತ್ತೆ ಎದ್ದು ನಿಲ್ಲುತ್ತದೆಯೇ ಎಂದು ಮುಂದಿನ ವಾರ ನೋಡಬೇಕು.

ಹದಿನಾಲ್ಕು ಸಂಚಿಕೆಗಳಲ್ಲಿ ಒಂಬತ್ತು ಮುಗಿದಿವೆ. ಹತ್ತನೆಯದರ ಮೊದಲ ಲೇಖನದ ಶೀರ್ಷಿಕೆ ‘ವಿದ್ಯಾರ್ಥಿಗಳ ಸಾಮಥ್ರ್ಯ’ ಎಂದು ಬಂದಿದೆ. ಒತ್ತಕ್ಷರವಿದ್ದ ಕಡೆ ನನ್ನ ನಿಯಮ ಒಂದೇ ಅಕ್ಷರ ಹಿಂದಕ್ಕೆ ಜಿಗಿಯುತ್ತಿದೆ, ಎರಡು ಜಿಗಿಯಬೇಕು.