ಮೂರನೇ ಕ್ಲಾಸ್ ತನಕ ಚೆನ್ನಾಗಿದ್ದ ಹುಡುಗ ನಾಲ್ಕಕ್ಕೆ ಬಂದ್ಮೇಲೆ ಯಾಕೆ "ಕೆಟ್ಟೋಗ್ತಾನೆ"?

"ಮೂರನೇ ಕ್ಲಾಸ್ ತನಕ ಚೆನ್ನಾಗೇ ಇದ್ದ, ನಾಲ್ಕಕ್ಕೆ ಬಂದ್ಮೇಲೆ ಕೆಟ್ಟೋದ." ಸರ್ಕಾರಿ ಶಾಲೆ ಸ್ಟಾಫ್ ರೂಮಲ್ಲಿ ಜೂನ್ ಜುಲೈ ಬಂತು ಅಂದ್ರೆ ಈ ಮಾತು ಕೇಳಿಸ್ದೇ ಇರೋ ದಿನ ಇಲ್ಲ. ನಾನು ಹಿರಿಯ ಪ್ರಾಥಮಿಕ ಶಾಲೇಲಿ ನಾಲ್ಕು ಐದನೇ ಕ್ಲಾಸಿಗೆ ಗಣಿತ, ಪರಿಸರ ಅಧ್ಯಯನ ತಗೊಳ್ಳೋದು, ಹಾಗಾಗಿ ಈ ಕೆಟ್ಟೋದ ಮಕ್ಕಳೆಲ್ಲ ಸೀದಾ ಬರೋದು ನನ್ನ ಹತ್ರಾನೇ. ಇವರಲ್ಲಿ ಕೆಲವರಿಗೆ ಎಡಿಎಚ್‌ಡಿ (ಗಮನ ನಿಲ್ಲಿಸೋದು, ಒಂದು ಕಡೆ ಕೂರೋದು ಕಷ್ಟ ಆಗೋ ತೊಂದರೆ) ಇದೆ ಅಂತ ಆಮೇಲೆ ಆಸ್ಪತ್ರೇಲಿ ಗೊತ್ತಾಗಿದೆ. ಇಷ್ಟು ವರ್ಷದಲ್ಲಿ ನಂಗೆ ಅನ್ಸಿರೋದು ಇಷ್ಟೇ, ಮಗು ಬದಲಾಗಿರಲ್ಲ, ರೂಮು ಬದಲಾಗಿರುತ್ತೆ.

ಮೂರನೇ ಕ್ಲಾಸ್ ತನಕ ಸರ್ಕಾರಿ ಶಾಲೇಲಿ ಕಲಿಸೋದು ನಲಿಕಲಿ ಪದ್ಧತೀಲಿ, ಅದು ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ತೀನಿ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಲ್ಲಿ ಶುರುವಾಗಿದ್ದು, ಆಮೇಲೆ ರಾಜ್ಯಕ್ಕೆಲ್ಲ ಬಂತು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತ್ಕೊಂಡು ಕಲೀತಾರೆ, ಕಾರ್ಡ್ ತರೋಕೆ ಎದ್ದು ಹೋಗ್ಬೇಕು, ಮುಂದಿನ ಚಟುವಟಿಕೆ ಯಾವುದು ಅಂತ ತೋರ್ಸೋ ಕಲಿಕಾ ಏಣಿ ನೋಡೋಕೆ ಎದ್ದು ಹೋಗ್ಬೇಕು, ಒಂದು ಚಟುವಟಿಕೆ ಮುಗೀತು ಅಂದ್ರೆ ಬೇರೆ ತಟ್ಟೆಗೆ (ಗುಂಪಿಗೆ ಅಲ್ಲಿ ಹಾಗಂತಾರೆ) ಹೋಗ್ಬೇಕು, ಮಧ್ಯ ಹಾಡು ಬೇರೆ. ಅಂದ್ರೆ ಅಲ್ಲಿ ಓಡಾಡೋದು ತಪ್ಪಲ್ಲ, ಓಡಾಡೋದೇ ಪಾಠ. ನಾಲ್ಕಕ್ಕೆ ಬಂದ್ರೆ ಬೆಂಚು, ಪಠ್ಯಪುಸ್ತಕ, ಒಂದು ಪೂರ್ತಿ ಪಿರಿಯಡ್ ಒಂದೇ ಜಾಗ, ಬೋರ್ಡ್ ನೋಡ್ಕೊಂಡು ಬರೆಯೋದು. ದಸರಾ ರಜೆ ಹೊತ್ತಿಗೆ ಮುಕ್ಕಾಲುವಾಸಿ ಮಕ್ಕಳು ಬೆಂಚಿಗೆ ಒಗ್ಗಿಕೊಂಡು ಬಿಡ್ತಾರೆ. ಒಗ್ಗದೇ ಉಳಿಯೋರು ಒಂದಿಬ್ಬರು ಇರ್ತಾರಲ್ಲ, ನಾನು ಹೇಳ್ತಿರೋದು ಅವರ ವಿಷಯ.

ಅಂಥ ಒಬ್ಬ ಹುಡುಗನ ಗಣಿತದ ನೋಟ್‌ಬುಕ್ ನೋಡಿ. ಎಂಟು ಕಳೆಯೋ ಲೆಕ್ಕ ಕೊಟ್ಟಿದ್ದೆ. ಮೊದಲ ಮೂರು ಸರಿ, ಪಕ್ಕದ ದಶಕದಿಂದ ಸಾಲ ತಗೊಂಡಿರೋದೂ ಸರಿ. ನಾಲ್ಕನೇದ್ರಲ್ಲಿ ಕಳೆಯೋ ಗುರ್ತು ತಾನೇ ಹಾಕಿದಾನೆ, ಆದ್ರೆ ಕೂಡಿಸಿದಾನೆ. ಐದನೇದು ಅರ್ಧಕ್ಕೆ ನಿಂತಿದೆ. ಆರನೇ ಲೆಕ್ಕ ಇರಬೇಕಾದ ಜಾಗದಲ್ಲಿ ಟ್ರ್ಯಾಕ್ಟರ್, ಟ್ರೈಲರ್ ಸಮೇತ, ಹಿಂದಿನ ಟೈರಿನ ಗೀಟು ಕೂಡ ಒಂದೂ ಬಿಟ್ಟಿಲ್ಲ. ಬಿಸಿಯೂಟ ಆದ್ಮೇಲೆ ಅವನನ್ನ ನನ್ನ ಟೇಬಲ್ ಪಕ್ಕ ಕೂರಿಸ್ಕೊಂಡು ಅದೇ ಥರದ ಲೆಕ್ಕ ಎರಡೆರಡೇ ಕೊಟ್ಟೆ, ಎಲ್ಲಾ ಸರಿ ಮಾಡ್ದ. ಲೆಕ್ಕಾನೇ ಬರದೇ ಇರೋ ಮಗು ಪಕ್ಕದಲ್ಲಿ ಕೂತ್ರೂ ಎಡವುತ್ತೆ, ಇವನು ಎಡವಲ್ಲ. ಬರಲ್ಲ ಅನ್ನೋದು ಬೇರೆ, ಬಂದಿದ್ದನ್ನ ಕೊನೆ ತನಕ ಹಿಡ್ಕೊಂಡು ಹೋಗೋಕಾಗಲ್ಲ ಅನ್ನೋದು ಬೇರೆ. ಎರಡೂ ಒಟ್ಟಿಗೇ ಇರೋ ಮಕ್ಕಳೂ ಉಂಟು, ಕಲಿಕಾ ನ್ಯೂನತೆ ಮತ್ತು ಎಡಿಎಚ್‌ಡಿ ಜೊತೆಜೊತೇಲಿ ಬರೋದು ಅಪರೂಪ ಏನಲ್ಲ.

ಎಡಿಎಚ್‌ಡಿ ಇದೆಯಾ ಅಂತ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ಹೇಳೋಕಾಗಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, ಹನ್ನೆರಡು ವರ್ಷದೊಳಗೇ ಶುರುವಾಗಿರಬೇಕು, ಮನೇಲೂ ಶಾಲೇಲೂ ಅಂತ ಕನಿಷ್ಠ ಎರಡು ಕಡೆ ಕಾಣಬೇಕು, ಅದ್ರಿಂದ ಮಗುವಿನ ಓದಿಗೋ ಒಡನಾಟಕ್ಕೋ ನಿಜವಾಗ್ಲೂ ಅಡ್ಡಿ ಆಗ್ತಿರಬೇಕು, ಇದು ಡಾಕ್ಟ್ರ ಲೆಕ್ಕಾಚಾರ. ಈಗ ನೋಡಿ, ಡಾಕ್ಟರ್ ಮಗು ಜೊತೆ ಇರೋದು ಎಷ್ಟು ಹೊತ್ತು? ಹೊಸ ಜಾಗ, ಹೊಸ ಮನುಷ್ಯ ಅಂತ ಮಗು ಅಲ್ಲಿ ತಣ್ಣಗೆ ಕೂತಿರುತ್ತೆ ಬೇರೆ. ಅದಕ್ಕೇ ಅವರು ಟೀಚರ್ ಏನಂತಾರೆ ಅಂತ ಕೇಳೋದು, ಟೀಚರ್ ತುಂಬೋಕೆ ಅಂತಾನೇ ಬೇರೆ ಫಾರಂ ಇರುತ್ತೆ. ನಾವು ಅದ್ರಲ್ಲಿ "ತುಂಬಾ ತಂಟೆ, ಓದಿನಲ್ಲಿ ಆಸಕ್ತಿ ಇಲ್ಲ" ಅಂತ ಬರೆದ್ರೆ ಯಾರಿಗೂ ಏನೂ ಗೊತ್ತಾಗಲ್ಲ, ಅದು ನಮ್ಮ ಬೇಜಾರು ಅಷ್ಟೇ. "ಗಣಿತದ ಪಿರಿಯಡ್ಡಲ್ಲಿ ಮೂರು ಲೆಕ್ಕ ಆದ್ಮೇಲೆ ಏಳ್ತಾನೆ, ಪ್ರಶ್ನೆ ಮುಗಿಯೋಕೆ ಮುಂಚೆ ಉತ್ತರ ಕೂಗ್ತಾನೆ, ವಾರದಲ್ಲಿ ಸುಮಾರು ಸಲ ಪೆನ್ಸಿಲ್ ಕಳೀತಾನೆ, ಆಟದ ಪಿರಿಯಡ್ ಆದ್ಮೇಲೆ ಸ್ವಲ್ಪ ಹೊತ್ತು ಚೆನ್ನಾಗಿ ಕೂರ್ತಾನೆ" ಅಂತ ಬರೆದ್ರೆ ಉಪಯೋಗ. ನಾನು ಇದಕ್ಕೆ ಒಂದು ನೂರು ಪುಟದ ನೋಟ್‌ಬುಕ್ಕೇ ಇಟ್ಕೊಂಡಿದೀನಿ, ತಾರೀಖು, ಪಿರಿಯಡ್, ಏನಾಯ್ತು, ಅದಕ್ಕೆ ಮುಂಚೆ ಏನ್ ನಡೀತಿತ್ತು. ರೋಗದ ಹೆಸರು ಮಾತ್ರ ಬರಿಯಲ್ಲ, ಅದು ನಮ್ಮ ಕೆಲಸ ಅಲ್ಲ. ಅರ್ಧ ಗಂಟೆ ರೀಲ್ಸ್ ನೋಡ್ಕೊಂಡು ಬಂದು ಮಗುಗೆ ಎಡಿಎಚ್‌ಡಿ ಇದೆ ಅಂತ ಪೋಷಕರಿಗೆ ಹೇಳೋ ಶಿಕ್ಷಕರನ್ನೂ ನೋಡಿದೀನಿ, ದಯವಿಟ್ಟು ಬೇಡ.

ಯಾಕಂದ್ರೆ ಗಮನ ತಪ್ಪೋಕೆ ನೂರೆಂಟು ಕಾರಣ. ಕಿವಿ ಸೋರಿ ಸೋರಿ ಕೇಳಿಸ್ದೇ ಇರಬಹುದು, ಬೋರ್ಡ್ ಕಾಣಿಸ್ದೇ ಇರಬಹುದು, ಮೂಗು ಕಟ್ಟಿ ರಾತ್ರಿಯೆಲ್ಲ ಗೊರಕೆ ಹೊಡೆದು ನಿದ್ದೆ ಕೆಟ್ಟಿರಬಹುದು, ರಕ್ತಹೀನತೆ ಇರಬಹುದು, ಮನೇಲಿ ದಿನಾ ಜಗಳ ಇರಬಹುದು. ಕೆಲವು ಸೆಕೆಂಡ್ ಶೂನ್ಯ ದಿಟ್ಟಿಸಿ ಮತ್ತೆ ಏನೂ ಆಗದ ಹಾಗೆ ಬರೆಯೋ ಮಗುಗೆ ಒಂಥರಾ ಫಿಟ್ಸ್ ಕೂಡ ಇರಬಹುದು, ಅದಕ್ಕೆ ಔಷಧಿಯೇ ಬೇರೆ. ಇನ್ನೊಂದು, ಕ್ಲಾಸಲ್ಲಿ ಎಲ್ಲರಿಗಿಂತ ಚಿಕ್ಕ ಮಗು. ಹತ್ತು ಹನ್ನೊಂದು ತಿಂಗಳ ವ್ಯತ್ಯಾಸ ಆ ವಯಸ್ಸಿಗೆ ಕಮ್ಮಿ ಅಲ್ಲ, ಹೊರದೇಶಗಳಲ್ಲಿ ಕ್ಲಾಸಿನ ಅತಿ ಚಿಕ್ಕ ಮಕ್ಕಳಿಗೇ ಎಡಿಎಚ್‌ಡಿ ಅಂತ ಹೆಚ್ಚು ಹೇಳ್ತಾರೆ ಅನ್ನೋದು ಅಧ್ಯಯನಗಳಲ್ಲೇ ಬಂದಿದೆ. ಹಾಗಾಗಿ ಮೊದಲು ದಾಖಲಾತಿ ರಿಜಿಸ್ಟರ್ ತೆಗೆದು ಹುಟ್ಟಿದ ತಾರೀಖು ನೋಡಿ.

ಪೋಷಕರ ಸಭೇಲಿ ಆ ಹುಡುಗನ ಅಜ್ಜಿ ಬಂದಿದ್ರು. "ಮೊಬೈಲ್ ಕೊಟ್ರೆ ಎರಡು ಗಂಟೆ ಅಲ್ಲಾಡಲ್ಲ ಕಣಮ್ಮ, ಗ್ಯಾನ ಇಲ್ಲ ಅಂತ ಹೆಂಗ್ ಅಂತೀಯ" ಅಂದ್ರು. ಒಳ್ಳೆ ಪ್ರಶ್ನೆ. ಗಮನ ಇಲ್ಲ ಅಂತಲ್ಲ, ಬೇಕಾದ ಕಡೆಗೆ ಬೇಕಾದಷ್ಟು ಹೊತ್ತು ಗಮನ ತಿರುಗಿಸಿ ನಿಲ್ಲಿಸೋದು ಕಷ್ಟ. ಮೊಬೈಲಲ್ಲಿ ಪ್ರತಿ ಕ್ಷಣಾನೂ ಏನೋ ಸಿಗುತ್ತೆ, ವ್ಯವಕಲನದಲ್ಲಿ ಏನೂ ಸಿಗಲ್ಲ. ಹಾಗಂತ ಇದು ಮೊಬೈಲಿಂದಾನೇ ಬಂದಿದ್ದೂ ಅಲ್ಲ, 1902ರಲ್ಲೇ ಲಂಡನ್ನಲ್ಲಿ ಜಾರ್ಜ್ ಸ್ಟಿಲ್ ಅನ್ನೋ ಮಕ್ಕಳ ಡಾಕ್ಟರ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ರು, ಆಗ ಯಾವ ಮೊಬೈಲು? ಸಿಹಿ ಜಾಸ್ತಿ ತಿಂದ್ರೆ ಹಿಂಗಾಗುತ್ತೆ ಅನ್ನೋದೂ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ಅಜ್ಜಿ ಹೋಗ್ತಾ "ಇವ್ರಪ್ಪನೂ ಹಿಂಗೇ ಕಣವ್ವ, ಒಂದ್ ಕಡೆ ಕೂತೋನೇ ಅಲ್ಲ" ಅಂತ ಅಂದ್ರಲ್ಲ, ಅದನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಎಡಿಎಚ್‌ಡಿ ವಂಶದಲ್ಲಿ ಹರಿಯೋದು ತುಂಬಾ ಹೆಚ್ಚು, ಡಾಕ್ಟರಿಗೆ ಆ ಒಂದು ಸಾಲು ಬೇಕಾಗುತ್ತೆ.

ಕ್ಲಾಸಲ್ಲಿ ಏನ್ ಮಾಡ್ತೀವಿ ಅಂದ್ರೆ ನಲಿಕಲಿ ರೂಮನ್ನ ಸ್ವಲ್ಪ ಸ್ವಲ್ಪ ನಾಲ್ಕನೇ ಕ್ಲಾಸಿಗೆ ತರೋದು, ಹೊಸದೇನಿಲ್ಲ. ಎಂಟು ಲೆಕ್ಕ ಒಟ್ಟಿಗೆ ಬೇಡ, ಎರಡು ಮಾಡಿ ನನ್ನ ಹತ್ರ ಬಂದು ತೋರ್ಸು, ಮತ್ತೆ ಎರಡು. ಅವನಿಗೆ ಎದ್ದು ಬರೋಕೆ ಕಾರಣ ಸಿಕ್ತು, ನಂಗೆ ತಪ್ಪು ಅಲ್ಲೇ ಸಿಕ್ತು. ಕಿಟಕಿ ಬಾಗಿಲ ಹತ್ರ ಬೇಡ, ಮುಂದಿನ ಬೆಂಚು, ಪಕ್ಕ ಸಮಾಧಾನದ ಮಗು. "ಪುಸ್ತಕ ತೆಗಿ, ಪಾಠ ಐದು, ಎರಡನೇ ಪ್ರಶ್ನೆ, ಬರ್ದು ಬೆಂಚ್ ಮೇಲಿಡು" ಅಂತ ಒಂದೇ ಉಸಿರಲ್ಲಿ ಹೇಳಿದ್ರೆ ಅವನಿಗೆ ಉಳಿಯೋದು "ಪುಸ್ತಕ ತೆಗಿ" ಮಾತ್ರ, ಒಂದೊಂದೇ ಹೇಳ್ಬೇಕು. ಬೆಲ್ ಹೊಡೆಯೋದು, ಸೀಮೆಸುಣ್ಣ ತರೋದು ಅವನ ಕೆಲಸ. ಹೊಗಳೋದಿದ್ರೆ ಆಗ್ಲೇ ಹೊಗಳ್ಬೇಕು, ಶನಿವಾರ ಕೊಡ್ತೀನಿ ಅನ್ನೋ ಸ್ಟಾರ್‌ಗೆ ಬೆಲೆ ಇಲ್ಲ. ಇನ್ನೊಂದು ಮುಖ್ಯ, ಬರೆಯೋದು ಮುಗಿಸಿಲ್ಲ ಅಂತ ಆಟದ ಪಿರಿಯಡ್ ಕಿತ್ಕೊಳ್ಬೇಡಿ. ಎಲ್ಲಾ ಶಾಲೇಲೂ ಮೊದಲು ಕೊಡೋ ಶಿಕ್ಷೆ ಇದೇ, ಈ ಮಕ್ಕಳಿಗೆ ಅತೀ ಬೇಕಾಗಿರೋದೂ ಅದೇ. ಬಸ್ಕಿ, ಏಟು ಅಂತೂ 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರಾನೇ ಮಾಡೋ ಹಾಗಿಲ್ಲ.

ಗಲಾಟೆ ಮಾಡೋ ಗಂಡು ಹುಡುಗ ಬೇಗ ಕಣ್ಣಿಗೆ ಬೀಳ್ತಾನೆ, ಕೂತಲ್ಲೇ ಕಳೆದುಹೋಗೋ ಹೆಣ್ಣು ಮಗು ಬೀಳಲ್ಲ. ಎಡಿಎಚ್‌ಡಿಯಲ್ಲಿ ಚಟಪಟ ಇಲ್ದೇ ಬರೀ ಗಮನ ತಪ್ಪೋ ಬಗೇನೂ ಇದೆ, ಹುಡುಗೀರಲ್ಲಿ ಅದನ್ನ ಯಾರೂ ಗುರ್ತಿಸ್ದೇ ಬಿಟ್ಟುಬಿಡ್ತಾರೆ. "ಪಾಪ ಸೈಲೆಂಟು, ಸ್ವಲ್ಪ ಡಲ್ಲು" ಅಂತ ಏಳನೇ ಕ್ಲಾಸ್ ದಾಟಿಸಿ ಕಳಿಸ್ತೀವಿ.

ಎಲ್ಲಿಗೆ ಕಳಿಸ್ಬೇಕು ಅಂತ ಸುಮಾರು ಜನ ಶಿಕ್ಷಕರು ಕೇಳ್ತಾರೆ. ಮಕ್ಕಳ ಆರೋಗ್ಯ ತಪಾಸಣೆ ಮಾಡೋ ಸರ್ಕಾರದ ಆರ್‌ಬಿಎಸ್‌ಕೆ ತಂಡ ಶಾಲೆಗೇ ಬರುತ್ತೆ, ಅವರ ಪಟ್ಟೀಲಿ ಎಡಿಎಚ್‌ಡಿ ಇದೆ, ಎತ್ತರ ತೂಕ ನೋಡಿ ಹೊರಟುಬಿಡೋಕೆ ಮುಂಚೆ ಆ ಮಗುನ ಮುಂದೆ ನಿಲ್ಲಿಸಿ ನೋಟ್‌ಬುಕ್ ತೋರ್ಸಿ. ಮನೋಚೈತನ್ಯ ಯೋಜನೇಲಿ ಮಂಗಳವಾರ ತಾಲೂಕು ಆಸ್ಪತ್ರೇಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ಇರುತ್ತೆ, ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಕೇಳ್ಕೊಳ್ಳಿ. ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳು ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್. ದೂರ ಹೋಗೋಕಾಗ್ದೇ ಇದ್ದೋರು 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ.

ಮಾತ್ರೆ ಶುರುವಾದ್ರೂ ನಮ್ಮ ಕೆಲಸ ಮುಗಿಯಲ್ಲ. ಸಾಮಾನ್ಯವಾಗಿ ಕೊಡೋ ಮೀಥೈಲ್‌ಫೆನಿಡೇಟ್‌ನಿಂದ ಹಸಿವು ಕಮ್ಮಿ ಆಗುತ್ತೆ, ಅದು ಮೊದಲು ಗೊತ್ತಾಗೋದು ಬಿಸಿಯೂಟದ ತಟ್ಟೇಲಿ. ಎರಡನೇ ಸಲ ಸಾಂಬಾರ್ ಹಾಕಿಸ್ಕೊಳ್ತಿದ್ದೋನು ಅರ್ಧ ಅನ್ನ ಬಿಟ್ಟು ಎದ್ದೋಗ್ತಿದಾನೆ ಅಂದ್ರೆ ಅಮ್ಮಂಗೆ ಹೇಳಿ, ಅವರು ಡಾಕ್ಟರಿಗೆ ಹೇಳ್ಲಿ. ಮಾತ್ರೆ ನಿಲ್ಸಿ ಅಂತ ಮಾತ್ರ ನಾವು ಹೇಳ್ಬಾರ್ದು. ಎಲ್ಲಾ ಮೆಡಿಕಲ್ ಸ್ಟೋರಲ್ಲೂ ಆ ಮಾತ್ರೆ ಸಿಗಲ್ಲ, ಸಿಗ್ದೇ ನಿಂತುಹೋಗಿರೋದೂ ಉಂಟು, ಆ ವಾರದ ಬದಲಾವಣೇನೂ ಬರ್ಕೊಳ್ಳಿ.

ಅಂಗವಿಕಲರ ಕಾರ್ಡ್ ಸಿಗುತ್ತಾ ಅಂತ ಅಪ್ಪ ಅಮ್ಮ ಕೇಳ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿರೋ 21 ನ್ಯೂನತೆಗಳಲ್ಲಿ ಎಡಿಎಚ್‌ಡಿ ಅಂತ ಪ್ರತ್ಯೇಕವಾಗಿ ಇಲ್ಲ, ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಅಂದ್ರೆ ಈ ಮಗುಗೆ ಕಾಗದದ ಮೇಲೆ ಸಿಗೋದು ಕಮ್ಮಿ, ಕ್ಲಾಸಲ್ಲಿ ನಾವು ಏನ್ ಮಾಡ್ತೀವೋ ಅಷ್ಟೇ. ಅದೂ ಟೀಚರ್ ಬದಲಾದ್ರೆ ನಿಂತುಹೋಗುತ್ತೆ, ವರ್ಗಾವಣೆ ಕೌನ್ಸೆಲಿಂಗ್ ಬಂದ್ರೆ ಯಾರು ಎಲ್ಲಿಗೋ. ಅದಕ್ಕೆ ಮಾರ್ಚಲ್ಲಿ ಆ ನೋಟ್‌ಬುಕ್ಕಿಂದ ಏನು ಕೆಲಸಕ್ಕೆ ಬಂತು, ಏನು ಬರ್ಲಿಲ್ಲ ಅಂತ ಒಂದು ಪುಟ ಬರ್ದು, ಪೋಷಕರನ್ನ ಕೇಳಿ ಒಪ್ಪಿಗೆ ತಗೊಂಡು ಮಗುವಿನ ಫೈಲಲ್ಲಿ ಹಾಕಿ, ಮುಂದಿನ ಕ್ಲಾಸಿನ ಮೇಷ್ಟ್ರು ಯಾರಾದ್ರೂ ಸರಿ, ಜೂನಲ್ಲಿ ಅವರ ಕೈಗೆ ಕೊಡೋಕೆ ಎಚ್‌ಎಂಗೆ ಹೇಳಿ.