ಪ್ರಾರ್ಥನೆಯಲ್ಲಿ ನಾನು ಹೊಗಳಿದ ಹುಡುಗ

ಹತ್ತನೇ ತರಗತಿಯ ಹುಡುಗನೊಬ್ಬ ತನ್ನ ಕಂಪಾಸ್ ಬಾಕ್ಸನ್ನು ಎಂಟನೇ ತರಗತಿಯವನಿಗೆ ಕೊಟ್ಟುಬಿಟ್ಟಿದ್ದ. ಜೂನ್‌ನಲ್ಲಿ ತಂದ ಹೊಸ ಬಾಕ್ಸು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ನಾನೇ ಅವನನ್ನು ಮುಂದೆ ಕರೆದು, "ನೋಡ್ರಿ, ಮನಸ್ಸು ಅಂದ್ರ ಹಿಂಗಿರಬೇಕು" ಅಂತ ಇಡೀ ಶಾಲೆಯಿಂದ ಚಪ್ಪಾಳೆ ಹೊಡೆಸಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ನಾಚಿಕೊಂಡಿದ್ದಾನೆ ಅಂದುಕೊಂಡೆ.

ಎರಡು ವರ್ಷ ಆಯ್ತು. ಇವತ್ತಿಗೂ ಪ್ರಾರ್ಥನೆಯಲ್ಲಿ ಚಪ್ಪಾಳೆ ಬಿದ್ದರೆ ನನಗೆ ಸಂಕಟವಾಗುತ್ತದೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಆಗ ಡಿಸೆಂಬರ್. ಎಫ್‌ಎ-3 ಅನ್ನುವ ಕಿರುಪರೀಕ್ಷೆಯ ಅಂಕಗಳನ್ನು ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಸ್ಯಾಟ್ಸ್‌ಗೆ ಏರಿಸಬೇಕಿತ್ತು, ಸರ್ವರ್ ಸಿಗುತ್ತಿರಲಿಲ್ಲ. ಜೊತೆಗೆ ಪರಿಹಾರ ಬೋಧನೆ, ವಿಶೇಷ ತರಗತಿ, ಓದಿನಲ್ಲಿ ಹಿಂದುಳಿದವರನ್ನು ಒಬ್ಬೊಬ್ಬ ಮೇಷ್ಟ್ರಿಗೆ ಹಂಚುವ ದತ್ತು ಮಕ್ಕಳ ಪಟ್ಟಿ. ಈ ಹುಡುಗ ನನ್ನ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಜೂನ್‌ನಲ್ಲಿ ಅವನು ಜಾಣ. ಪಟ್ಟಿಯಲ್ಲಿ ಇಲ್ಲದವನ ಕಡೆ ಯಾರೂ ನೋಡುವುದಿಲ್ಲ, ನಾನೂ ನೋಡಲಿಲ್ಲ.

ಗುರುತುಗಳು ಕಣ್ಣೆದುರೇ ಇದ್ದವು. ಪೆನ್ಸಿಲ್ಲಿನಲ್ಲಿ ಮಾರ್ಜಿನ್ ಎಳೆದು ಲೆಕ್ಕ ಬರೆಯುತ್ತಿದ್ದವನ ನೋಟ್‌ಬುಕ್ಕಿನಲ್ಲಿ ದಸರಾ ರಜೆ ಮುಗಿದ ಮೇಲೆ ಮಾರ್ಜಿನ್ನೇ ಇಲ್ಲ. ಲೆಕ್ಕ ಅರ್ಧಕ್ಕೆ ನಿಂತಿರುತ್ತಿತ್ತು. ಮೊದಲ ಪೀರಿಯಡ್‌ನಲ್ಲೇ ನಿದ್ದೆ. ವಾರಕ್ಕೆ ಎರಡು ಸಲ ಹೊಟ್ಟೆನೋವು. ಬಿಸಿಯೂಟಕ್ಕೆ ತಟ್ಟೆ ಹಿಡಿದು ಬರುವುದನ್ನೇ ಬಿಟ್ಟಿದ್ದ. ಇದನ್ನೆಲ್ಲ ನೋಡಿ ನಾನು ಮಾಡಿದ ತೀರ್ಮಾನ ಒಂದೇ: ಮೊಬೈಲ್ ಚಟ. ಅವನನ್ನು ಒಂದು ಮಾತೂ ಕೇಳದೆ ಅಪ್ಪನಿಗೆ ಫೋನ್ ಮಾಡಿ, "ಮಗನ ಕಡೆ ಸ್ವಲ್ಪ ಲಕ್ಷ್ಯ ಕೊಡ್ರಿ" ಅಂದೆ. ಆ ರಾತ್ರಿ ಅಪ್ಪ ಹೊಡೆದಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಬಹಳ ದಿನದ ಮೇಲೆ.

ಚಪ್ಪಾಳೆ ಹೊಡೆಸಿದ ಮುಂದಿನ ಸೋಮವಾರ. ಸಂಜೆ ವಿಶೇಷ ತರಗತಿ ಬಿಟ್ಟಿತ್ತು. ಅವನ ಗೆಳೆಯ ಅರ್ಧ ದಾರಿಯಿಂದ ವಾಪಸ್ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. "ಸರ್, ಅಂವ ತನ್ನ ನೋಟ್ಸು, ಗೈಡು ಎಲ್ಲಾ ನನಗ ಕೊಟ್ಟಾನ್ರಿ. ಇನ್ನ ನನಗ ಬ್ಯಾಡ ಅಂದ."

ಆಗ ಕಂಪಾಸ್ ಬಾಕ್ಸಿನ ಅರ್ಥ ಆಯ್ತು. ಕೈಕಾಲು ತಣ್ಣಗಾದವು.

ಬಸ್ ಸ್ಟಾಪಿನವರೆಗೆ ಓಡಿದೆ. ಬಸ್ಸಿನ್ನೂ ಬಂದಿರಲಿಲ್ಲ, ಅವನು ಕಟ್ಟೆ ಮೇಲೆ ಕೂತಿದ್ದ. "ಬಾರೋ ತಮ್ಮಾ, ಸ್ವಲ್ಪ ಕೆಲಸ ಐತಿ" ಅಂತ ಕರೆದುಕೊಂಡು ಬಂದು ಲ್ಯಾಬಿನಲ್ಲಿ ಕೂರಿಸಿದೆ. ಆಮೇಲೂ ತಪ್ಪೇ ಮಾಡಿದೆ. ಐದು ನಿಮಿಷ ಬರೀ ಪರೀಕ್ಷೆಯ ಮಾತು. ಪಾಸಾಗಾಕ ಬೇಕಾದಷ್ಟೇ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್ ನಾನೇ ಮಾಡಿಸ್ತೀನಿ, ಹೆದರಬ್ಯಾಡ ಅಂದೆ. ಅವನು ಟೇಬಲ್ಲಿನ ಮೇಲಿನ ಗೀರುಗಳನ್ನೇ ನೋಡುತ್ತಿದ್ದ. ಕೇಳಬೇಕಾದ ಪ್ರಶ್ನೆ ಗೊತ್ತಿತ್ತು, ಆದರೆ ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದಂತೆ ಆಗುತ್ತದೇನೋ ಅನ್ನುವ ಹೆದರಿಕೆ. ಅದು ಸುಳ್ಳು ಹೆದರಿಕೆ. ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಒಳಗೆ ಒಂಟಿಯಾಗಿ ಹೊತ್ತುಕೊಂಡಿದ್ದವರಿಗೆ ಹೇಳಿಕೊಳ್ಳಲು ದಾರಿ ಆಗುತ್ತದೆ.

ಕೊನೆಗೆ ಕೇಳಿದೆ. "ಸಾಯಬೇಕು ಅಂತ ಅನಿಸಾಕತ್ತೈತೇನೋ ತಮ್ಮಾ?"

ಎಷ್ಟು ಹೊತ್ತು ಸುಮ್ಮನಿದ್ದನೋ. ಹೊರಗೆ ಬಸ್ಸು ಬಂದು ಹೋದ ಸದ್ದು ಕೇಳಿಸಿತು. ಆಮೇಲೆ, "ಹೂಂ ರಿ" ಅಂದ. ಅಂದವನೇ ಅಳತೊಡಗಿದ. "ಯಾರಿಗೂ ಹೇಳಬ್ಯಾಡ್ರಿ ಸರ್" ಅಂದಾಗ ಆಯ್ತು ಅಂತ ಮಾತು ಕೊಡುವುದರಲ್ಲಿದ್ದೆ. ಕೊಡಲಿಲ್ಲ. "ಇದು ನಿನ್ನ ಜೀವದ ಮಾತು, ನಾನೊಬ್ಬನ ಇಟ್ಕೊಳ್ಳಾಕ ಆಗಂಗಿಲ್ಲ. ಯಾರಿಗೆ ಹೇಳೂದು ಅಂತ ಇಬ್ಬರೂ ಕೂಡಿ ನೋಡೋಣು" ಅಂದೆ. ಅಪ್ಪನಿಗೆ ಬೇಡ ಅಂದ. ಸೋದರಮಾವ ಆಗಬಹುದು ಅಂದ.

ಮಾವ ಬರುವವರೆಗೆ ಅವನನ್ನು ಒಬ್ಬನೇ ಬಿಡಲಿಲ್ಲ. ಅಷ್ಟರಲ್ಲಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ತೊಂದರೆಯಲ್ಲಿ ಇರುವವರೇ ಮಾಡಬೇಕು ಅಂತಿಲ್ಲ, ನಮ್ಮಂಥ ಮೇಷ್ಟ್ರುಗಳೂ ಮಾಡಬಹುದು. ಅವರು ಮೊದಲು ನನ್ನ ಜೊತೆ ಮಾತಾಡಿದರು, ಆಮೇಲೆ ಅವನ ಜೊತೆ. ಮನೆಯಲ್ಲಿ ಅಪಾಯದ ವಸ್ತು ಕೈಗೆ ಸಿಗದಂತೆ ಎತ್ತಿಡಲು ಮಾವನಿಗೆ ಹೇಳಿ ಅಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಮಂಗಳವಾರ ಮಾವನ ಜೊತೆ ತಾಲ್ಲೂಕು ಆಸ್ಪತ್ರೆಗೆ ಹೋದೆವು. ಡಾಕ್ಟರು ಖಿನ್ನತೆ ಅಂದರು. ಒಂದೇ ವಾರದಲ್ಲಿ ಸರಿಹೋಗಲಿಲ್ಲ, ತಿಂಗಳುಗಳು ಹಿಡಿದವು. ಹೆಡ್‌ಮಾಸ್ಟರು ಮಾತ್ರ ನನ್ನನ್ನು ಕರೆದು, "ಇದು ಹೊರಗ ಹೋಗಬಾರದು, ಶಾಲೆ ಹೆಸರು ಹಾಳಾಗ್ತೈತಿ" ಅಂದರು. ಹುಡುಗನ ಹೆಸರು ಹೊರಗೆ ಹೋಗಬಾರದು, ಅದು ನಿಜ. ಶಾಲೆಯ ಹೆಸರಿನ ಮಾತು ಆ ಹೊತ್ತಿಗೆ ಬೇಕಿತ್ತಾ? ಫಲಿತಾಂಶಕ್ಕೆ ವಾರವಾರ ಮೀಟಿಂಗ್ ಮಾಡುವವರು ಮಕ್ಕಳ ಮನಸ್ಸಿನ ಬಗ್ಗೆ ಕೊಟ್ಟಿದ್ದು ಒಂದು ದಿನದ ತರಬೇತಿ. ಅದೂ ಪಿಪಿಟಿ ಓದಿ ಮುಗಿಸಿದರು. ನಮ್ಮ ಶಾಲೆಯಲ್ಲಿ ಕೌನ್ಸೆಲರ್ ಇಲ್ಲ, ಇರುವುದು ನಾವೇ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು. ನನ್ನ ತರಗತಿಯಲ್ಲಿ 42 ಮಕ್ಕಳು. ಆ ಲೆಕ್ಕದಲ್ಲಿ ಮೂವರು. ಅವರು ಗಲಾಟೆ ಮಾಡುವವರೇ ಆಗಿರಬೇಕಿಲ್ಲ, ಅಲ್ವಾ? ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸ ಅಲ್ಲ. ಮೊದಲು ಹೇಗಿದ್ದ, ಈಗ ಹೇಗಿದ್ದಾನೆ ಅನ್ನುವುದು ಮಾತ್ರ ದಿನಾ ನೋಡುವ ನನಗೆ ಗೊತ್ತಾಗುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಹಾಗೇ ಇದ್ದರೆ ಕರೆದು ಕೇಳುತ್ತೇನೆ, ಎಲ್ಲರ ಮುಂದೆ ಅಲ್ಲ. ಮಗುವನ್ನು ಕೇಳದೆ ಮನೆಗೆ ಫೋನ್ ಮಾಡುವುದಿಲ್ಲ.

ನನ್ನ ಡೈರಿಯ ಕೊನೆಯ ಪುಟದಲ್ಲಿ ಈಗ ಇನ್ನೊಂದು ಪಟ್ಟಿ ಇದೆ. ಹೋದ ವಾರ ಅದರಲ್ಲಿ ಒಬ್ಬ ಹುಡುಗಿಯ ಹೆಸರು ಬರೆದೆ. ಕಿಟಕಿ ಪಕ್ಕ ಗೆಳತಿಯರ ಜೊತೆ ಕೂರುತ್ತಿದ್ದವಳು ಈಗ ಹಿಂದೆ ಒಬ್ಬಳೇ ಕೂರುತ್ತಾಳೆ. ಕನ್ನಡದ ಮೇಡಂ ಜೊತೆ ಅವಳಿಗೆ ಸಲುಗೆ, ಅವರಿಗೆ ಹೇಳಿದೆ. ಇವತ್ತು ಕೇಳಿದರಂತೆ. "ಏನಿಲ್ರಿ ಮೇಡಂ" ಅಂದಳಂತೆ. ಗುರುವಾರ ಮತ್ತೆ ಕೇಳುತ್ತಾರೆ.