ಭಾನುವಾರ ಎಲ್ಲಿಗೆ ಹೋತು?

2023ರ ಡಿಸೆಂಬರ್. ಸಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಡಕೆ ಕೊನೆಕೊಯ್ಲು ಶುರುವಾಗಿತ್ತು. ಭಾನುವಾರ ಸಂಜೆ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಕೆ ಸುಲಿಯುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ತಂಗಿಯ ವಿಮಾನ ಎಲ್ಲಿದೆ ಅಂತ ಮೊಬೈಲಲ್ಲಿ ನೋಡುವ ಕೆಲಸ ನನ್ನದು. ಅಡಕೆ ಸುಲಿಯೋದಕ್ಕಿಂತ ಸುಖದ ಕೆಲಸ, ಸುಳ್ಳು ಯಾಕೆ ಹೇಳಲಿ.

"ಎಷ್ಟು ದೂರ ಆಗ್ತು ತಮಾ?" ಅಪ್ಪಯ್ಯ ಕೇಳಿದ.

"ಹತ್ತಿರ ಹತ್ತಿರ 14,000 ಕಿಲೋಮೀಟರ್. 17 ತಾಸು."

ಅಪ್ಪಯ್ಯನಿಗೆ ಕಿಲೋಮೀಟರ್ ರುಚಿಸುವುದಿಲ್ಲ. ಅವನ ದೂರವೆಲ್ಲ ಕವಳದ ಲೆಕ್ಕ, ಅಂದರೆ ದಾರಿಯಲ್ಲಿ ಎಷ್ಟು ಸಲ ಎಲೆ-ಅಡಕೆ ಜಗಿದ ಅಂತ. ಸಿರಸಿ ಪೇಟೆ ಒಂದು ಕವಳದ ದಾರಿ, ಹುಬ್ಬಳ್ಳಿ ಐದು. ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರ್, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದು ಅಂದೆ. ಅವನು ನಕಾಶೆ ನೋಡಿ ಮುಖ ಗಂಟಿಕ್ಕಿದ. ಗೆರೆ ಉತ್ತರಕ್ಕೆ ಹತ್ತಿ, ಮೇಲ್ತುದಿಗೆ ತಾಗಿತ್ತು. ಡ್ರೈವರ್ ದಾರಿ ತಪ್ಪಿದ್ದಾನೆ ಅನ್ನೋದು ಅವನ ತೀರ್ಮಾನ.

ಜಗಲಿಯಲ್ಲಿ ಒಂದು ಚಕ್ಕೋತ ಇತ್ತು. ಅದರ ಮೇಲೆ ಪೆನ್ನಿನಿಂದ ಎರಡು ಚುಕ್ಕೆ ಇಟ್ಟೆ, ಬೆಂಗಳೂರು ಒಂದು, ಸ್ಯಾನ್ ಫ್ರಾನ್ಸಿಸ್ಕೋ ಒಂದು. ಹೂ ಕಟ್ಟುವ ದಾರ ತಂದು ಎರಡಕ್ಕೂ ಬಿಗಿಯಾಗಿ ಎಳೆದೆ. ದಾರ ತಾನಾಗಿಯೇ ಜಾರಿ ತೊಟ್ಟಿನ ಹತ್ತಿರ ಹೋಗಿ ನಿಂತಿತು. ತೊಟ್ಟೇ ಉತ್ತರ ಧ್ರುವ. ಚಪ್ಪಟೆ ಕಾಗದದ ಮೇಲೆ ಸುತ್ತು ಅನ್ನಿಸಿದ್ದು ಉರುಟು ಹಣ್ಣಿನ ಮೇಲೆ ಒಳದಾರಿ. 2021ರ ಜನವರಿಯಲ್ಲಿ ಈ ಮಾರ್ಗದ ಮೊದಲ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿದ್ದರು. ಅದನ್ನೂ ಹೇಳಿದೆ. ಆಯಿ ಸುಲಿಯೋದು ನಿಲ್ಲಿಸಿ ಕೇಳಿದಳು. ಹಾಗಂತ ದಿನಾ ಅದೇ ದಾರಿ ಅಲ್ಲ, ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಗಾಳಿ ನೋಡಿಕೊಂಡು ದಾರಿ ಬದಲಿಸುತ್ತಾರೆ.

"ಅದೇ ವಿಮಾನ ಬೆಂಗಳೂರಿಂದ ಸಿರಸಿಗೆ ಬಂದ್ರೆ?" ಅಪ್ಪಯ್ಯ ಕೇಳಿದ.

ರಸ್ತೆ ಲೆಕ್ಕ ಹಿಡಿದರೂ 400 ಕಿಲೋಮೀಟರ್ ಚಿಲ್ಲರೆ. ತಾಸಿಗೆ 900ರ ವೇಗ ಹಿಡಿದರೆ ಅರ್ಧ ತಾಸು.

"ಹಂಗಾರೆ ಒಂದ್ ಕವಳಕ್ಕೂ ಸಾಲ್ತಿಲ್ಲೆ!"

ತಂಗಿ ಹತ್ತಿದ್ದು ಅಲ್ಲಿನ ಶನಿವಾರ ರಾತ್ರಿ. ಇಳಿದಿದ್ದು ಸೋಮವಾರ ಬೆಳಗಿನ ಜಾವ ಮೂರಕ್ಕೆ. "ಭಾನುವಾರ ಎಲ್ಲಿಗೆ ಹೋತು ಮಾರಾಯಾ?" ಅಂತ ಅಪ್ಪಯ್ಯ ಬೆರಳು ಮಡಿಸಿದ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ತಾಸು ಮುಂದೆ. 17 ತಾಸಿಗೆ ಅದನ್ನೂ ಕೂಡಿಸು ಅಂದೆ. ಕೂಡಿಸಿದ, ನಂಬಲಿಲ್ಲ.

ಆಮೇಲಿನದ್ದೇ ದೊಡ್ಡ ಪ್ರಯಾಣ. ಹುಬ್ಬಳ್ಳಿಗೆ ವಿಮಾನ ಇತ್ತು, ಎರಡು ಭಾರದ ಪೆಟ್ಟಿಗೆ ಹೊತ್ತು ಮತ್ತೆ ವಿಮಾನ ಹತ್ತಲಾರೆ ಅಂದಳು. ಹಗಲೆಲ್ಲ ಗೆಳತಿಯ ಮನೆಯಲ್ಲಿ ಮಲಗಿ ರಾತ್ರಿ ಬಸ್ಸು ಹಿಡಿದಳು. ಅದು ಹೊರಟಿದ್ದೇ ಎರಡು ತಾಸು ತಡ. ಹಾವೇರಿ ದಾಟಿದ ಮೇಲೆ ಟೈರ್ ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ! ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮನೆ ಮುಟ್ಟಿದಳು. ಬೆಂಗಳೂರಲ್ಲಿ ಇಳಿದು ಬರೋಬ್ಬರಿ 31 ತಾಸು.

"ಆಸ್ರಿಗೆ ಎಂತ ಅಡ್ಡಿಲ್ಲೆ ಕೂಸೆ?" ಅಂದಳು ಆಯಿ, ಕುಡಿಯೋದಕ್ಕೆ ಏನಾಗಬಹುದು ಅಂತ. ಉತ್ತರ ಬರಲಿಲ್ಲ. ತಂಗಿ ಕಂಬಕ್ಕೆ ಒರಗಿ ಆಗಲೇ ಕಣ್ಣು ಮುಚ್ಚಿದ್ದಳು. ಆಯಿ ಚಕ್ಕೋತದ ದಾರ ಬಿಚ್ಚಿ, ಸುಲಿದು, ತಟ್ಟೆಯಲ್ಲಿ ಮುಚ್ಚಿಟ್ಟಳು.